ನಡುಪುಟದ ಹುಡುಗರು

ಕ್ರೀಡಾ ಪತ್ರಿಕೆಗಳ ಬಗ್ಗೆ ಮಾತಾಡಲು ರೇಡಿಯೋ ಅಷ್ಟೇನೂ ತಕ್ಕ ಜಾಗವಲ್ಲ. ರೇಡಿಯೋ ಕೊಡಲಾಗದ್ದನ್ನು ಪಡೆಯಲೆಂದೇ ಹುಡುಗರು ಆ ಪತ್ರಿಕೆಗಳನ್ನು ಕೊಂಡರು. ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸಿನಲ್ಲೋ ಶಿವಮೊಗ್ಗದ ದುರ್ಗಿಗುಡಿಯಲ್ಲೋ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತವನಿಗೆ ‘ಸ್ಕ್ವೇರ್ ಕಟ್, ನಾಲ್ಕು ರನ್’ ಎಂಬುದು ಆ ಕ್ಷಣವೇ ಗೊತ್ತಾಗುತ್ತಿತ್ತು. ಆದರೆ ಬ್ಯಾಟು ಎಷ್ಟು ಮೇಲೆದ್ದಿತ್ತು, ಹಿಂಗಾಲು ಎಲ್ಲಿತ್ತು, ಮಣಿಕಟ್ಟು ಹೇಗೆ ತಿರುಗಿತ್ತು ಎಂಬುದು? ಅದನ್ನು ಕಣ್ಣಾರೆ ನೋಡಲು ಪತ್ರಿಕೆ ಬರುವವರೆಗೆ ಕಾಯಬೇಕಿತ್ತು.

ಸ್ಕ್ವೇರ್ ಕಟ್ ಅಂದೆ. ಈ ಸೀಮೆಯಲ್ಲಿ ಆ ಹೊಡೆತದ ಹೆಸರೆತ್ತಿದರೆ ಮುಂದಿನ ಮಾತು ಜಿ.ಆರ್. ವಿಶ್ವನಾಥರದೇ. ಅವರು ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಇದೇ ಭದ್ರಾವತಿಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ ಎಂಬುದನ್ನು ಊರಿನವರು ಮೆಲ್ಲಗೆ ಬದಿಗೆ ಸರಿಸುತ್ತಾರೆ, ಸರಿಸಲಿ ಬಿಡಿ. 1967ರಲ್ಲಿ ಆಂಧ್ರದ ಎದುರು ಮೊದಲ ರಣಜಿ ಪಂದ್ಯದಲ್ಲೇ 230. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್: ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ಈ ಇಸವಿಗಳ ನಡುವೆ ಒಂದು ಸಣ್ಣ ನಷ್ಟವಾಯಿತು. ಮದ್ರಾಸಿನಿಂದ ‘ದಿ ಹಿಂದೂ’ ಬಳಗ 1947ರಿಂದ ‘ಸ್ಪೋರ್ಟ್ ಅಂಡ್ ಪಾಸ್‌ಟೈಮ್’ ಎಂಬ ವಾರಪತ್ರಿಕೆ ತರುತ್ತಿತ್ತು. ಅದು 1968ರಲ್ಲಿ ನಿಂತುಹೋಯಿತು. ಮುಂಬಯಿಯ ‘ಸ್ಪೋರ್ಟ್ಸ್‌ವೀಕ್’ ಇತ್ತು, ನಿಜ. ಆದರೂ ವಿಶ್ವನಾಥರ ಒಳ್ಳೆಯ ವರ್ಷಗಳನ್ನು ನಮ್ಮ ಹುಡುಗರು ಬಹುಪಾಲು ಕೇಳಿಯೇ ಕಂಡರು. 1975ರ ಜನವರಿಯಲ್ಲಿ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದಾಗ ವಿಶ್ವನಾಥ್ ಔಟಾಗದೆ 97 ಹೊಡೆದಿದ್ದರು. ಶತಕವಲ್ಲದ ಆ ಇನಿಂಗ್ಸನ್ನು ಎಷ್ಟೋ ಶತಕಗಳಿಗಿಂತ ಮೇಲೆ ಇಡುತ್ತಾರೆ. ಮರುದಿನದ ದಿನಪತ್ರಿಕೆಯಲ್ಲಿ ಸಿಕ್ಕುತ್ತಿದ್ದದ್ದು ಮಾತ್ರ ಮಸಿ ಹರಡಿದ, ಅಂಗೈಯಗಲದ ಕಪ್ಪುಬಿಳುಪು ಚಿತ್ರ.

ಹಾಗೆಂದು ಮನೆಯಲ್ಲಿ ಓದಲು ಏನೂ ಇರಲಿಲ್ಲವೆಂದಲ್ಲ. ‘ಚಂದಮಾಮ’ ಕನ್ನಡದಲ್ಲಿ 1949ರಿಂದ ಬರುತ್ತಿತ್ತು. 1965ರಲ್ಲಿ ‘ಸುಧಾ’ ಬಂತು. ಆದರೆ ಅವೆಲ್ಲ ಮನೆಯ ಪತ್ರಿಕೆಗಳು. ಅಪ್ಪ ಓದಿ, ಅಮ್ಮ ಧಾರಾವಾಹಿ ಮುಗಿಸಿ, ಪಕ್ಕದ ಮನೆಯವರು ಕೇಳಿ ಒಯ್ದು ತಂದ ಮೇಲೆ ಹುಡುಗನ ಸರದಿ. ಹದಿನಾಲ್ಕು ಹದಿನೈದರ ವಯಸ್ಸಿಗೆ ಬೇಕಾದದ್ದು ದೊಡ್ಡವರು ಕೈಹಾಕದ ಪತ್ರಿಕೆ.

1978ರ ಜುಲೈಯಲ್ಲಿ ಅದು ಬಂತು. ‘ದಿ ಹಿಂದೂ’ ಬಳಗದ್ದೇ, ಹೆಸರು ‘ಸ್ಪೋರ್ಟ್‌ಸ್ಟಾರ್’. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೋಲ್ಕತ್ತದಿಂದ, ಕ್ರಿಕೆಟಿಗ ಪಟೌಡಿಯವರ ಸಂಪಾದಕತ್ವದ ‘ಸ್ಪೋರ್ಟ್ಸ್‌ವರ್ಲ್ಡ್’ ಕೂಡ. ಎರಡೂ ಇಂಗ್ಲಿಷ್. ಕನ್ನಡ ಮಾಧ್ಯಮದ ಹುಡುಗ ಲೇಖನವನ್ನು ಹಾರಿಸಿ, ಮೊದಲು ಚಿತ್ರ, ಆಮೇಲೆ ಸ್ಕೋರು, ಆಮೇಲೆ ಚಿತ್ರದ ಕೆಳಗಿನ ಒಂದೂವರೆ ಸಾಲು ಓದುತ್ತಿದ್ದ. ಶಾಲೆಯ ಇಂಗ್ಲಿಷ್ ಪಾಠಕ್ಕಿಂತ ಆ ಒಂದೂವರೆ ಸಾಲೇ ಹೆಚ್ಚು ಕಲಿಸಿತೆಂದು ನಾನಂತೂ ನಂಬುತ್ತೇನೆ.

ಎಲ್ಲಕ್ಕಿಂತ ಮಿಗಿಲಾದದ್ದು ನಡುಪುಟ: ಎರಡು ಪುಟಕ್ಕೂ ಹರಡಿದ ಬಣ್ಣದ ಪೋಸ್ಟರ್. ನಾಲ್ವರು ಕಾಸು ಕೂಡಿಸಿ ಒಂದು ಸಂಚಿಕೆ ಕೊಂಡರೆ ಓದುವುದಕ್ಕೆ ಜಗಳವಿಲ್ಲ, ನಡುಪುಟಕ್ಕೆ ಮಾತ್ರ ಪಾಳಿ. ಈ ವಾರ ಗಾವಸ್ಕರ್ ನಿನಗೆ, ಮುಂದಿನ ವಾರ ಯಾರು ಬಂದರೂ ನನಗೆ. ಮುಂದಿನ ವಾರ ಹೆಸರೇ ಕೇಳದ ಟೆನಿಸ್ ಆಟಗಾರ ಬಂದರೂ ಮರುಮಾತಿಲ್ಲ. ಪಿನ್ನನ್ನು ಉಗುರಿನಿಂದ ಬಿಡಿಸಿ, ಹಾಳೆ ಹರಿಯದಂತೆ ಎಳೆದು, ಅನ್ನದ ಗಂಜಿಯಿಂದ ಗೋಡೆಗೆ ಅಂಟಿಸಬೇಕು. ಗೋಡೆಗೆ ಬೇಡವೆಂದು ಅಪ್ಪ ಗದರಿದರೆ ಟ್ರಂಕಿನ ಮುಚ್ಚಳದ ಒಳಬದಿ. 1983ರ ಜೂನ್ 25ರಂದು ಭಾರತ ವಿಶ್ವಕಪ್ ಗೆದ್ದ ನಂತರ ಕಪಿಲ್ ದೇವ್ ಇಲ್ಲದ ಕ್ಷೌರದಂಗಡಿಯನ್ನು ಹುಡುಕಬೇಕಾಗಿತ್ತು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ನಮ್ಮ ರೋಜರ್ ಬಿನ್ನಿಗೆ ಗೋಡೆಯ ಮೇಲೆ ಅಷ್ಟು ಜಾಗ ಸಿಗಲಿಲ್ಲ, ಅದು ಬೇರೆ ಮಾತು.

ಪೋಸ್ಟರನ್ನು ಬರಿಯ ಆರಾಧನೆ ಎಂದುಕೊಂಡವರು ಹುಡುಗರನ್ನು ಸರಿಯಾಗಿ ನೋಡಿಲ್ಲ. ಅದು ಪಠ್ಯ. ನಿಂತ ಚಿತ್ರದ ಮುಂದೆ ಬ್ಯಾಟು ಹಿಡಿದು, ಮೊಣಕೈ ಹೀಗೆ, ತಲೆ ಹೀಗೆ ಎಂದು ತಿದ್ದಿಕೊಳ್ಳುತ್ತಿದ್ದರು. ತಿದ್ದುವುದಕ್ಕೆ ಕೋಚ್ ಇರಲಿಲ್ಲವಲ್ಲ.

ಇದೇ ಸಂಗತಿ ಭೂಮಿಯ ಆಚೆ ಮಗ್ಗುಲಲ್ಲಿ, ಕ್ಯಾಲಿಫೋರ್ನಿಯದಲ್ಲಿ, ಇನ್ನೊಂದು ಆಟದಲ್ಲಿ ನಡೆದಿತ್ತು. ಹಲಗೆಗೆ ನಾಲ್ಕು ಗಾಲಿ ಹಾಕಿ ಅದರ ಮೇಲೆ ನಿಂತು ಜಾರುವ ಸ್ಕೇಟ್‌ಬೋರ್ಡಿಗೆಂದು 1964ರಲ್ಲಿ ಒಂದು ತ್ರೈಮಾಸಿಕ ಹುಟ್ಟಿತು, ನಾಲ್ಕೇ ಸಂಚಿಕೆಗೆ ನಿಂತಿತು. ಮಣ್ಣಿನ ಗಾಲಿಯ ಬದಲು ಯುರೆಥೇನ್ ಗಾಲಿ ಬಂದು ಆಟಕ್ಕೆ ಮರುಜೀವ ಬಂದ ಮೇಲೆ 1975ರಲ್ಲಿ ಅದೇ ಪತ್ರಿಕೆ ‘ಸ್ಕೇಟ್‌ಬೋರ್ಡರ್’ ಎಂಬ ಹೆಸರಿನಲ್ಲಿ ಮತ್ತೆ ಎದ್ದಿತು. 1981ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ‘ಥ್ರಾಶರ್’ ಬಂತು. ಅದರ ಒರಟು ಮಾತು ಹಿರಿಯರಿಗೆ ಹಿಡಿಸಲಿಲ್ಲ, ಹುಡುಗರಿಗೆ ಬೇಕಾದದ್ದೂ ಅದೇ. ಆ ಪತ್ರಿಕೆಗಳ ಜೀವಾಳ ಸರಣಿ ಚಿತ್ರಗಳು. ಒಂದೇ ಜಿಗಿತವನ್ನು ಆರು, ಎಂಟು, ಹತ್ತು ಚಿತ್ರಗಳಾಗಿ ಸಾಲಾಗಿ ಜೋಡಿಸುತ್ತಿದ್ದರು. ಸುತ್ತಮುತ್ತ ಆ ಆಟ ಬಲ್ಲವರು ಒಬ್ಬರೂ ಇಲ್ಲದ ಊರಿನ ಹುಡುಗ ಅದನ್ನು ನೋಡಿ ಪಾದ ಎಲ್ಲಿಡಬೇಕೆಂದು ಕಲಿತ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿ ಪದಕ ಕೊಟ್ಟಾಗ ಮಹಿಳೆಯರ ಸ್ಟ್ರೀಟ್ ಸ್ಪರ್ಧೆಯ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಹದಿಮೂರೇ ವರ್ಷ.

ಭದ್ರಾವತಿಗೆ ಈ ಕಥೆಯಲ್ಲಿ ಇನ್ನೊಂದು ನಂಟೂ ಇದೆ. 1936ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, 1980ರ ದಶಕದಲ್ಲಿ ಸುದ್ದಿಪತ್ರಿಕೆಗಳ ಕಾಗದವನ್ನೂ ತಯಾರಿಸತೊಡಗಿತು. ಬಿದಿರು, ನೀಲಗಿರಿ, ಅಕೇಶಿಯ ತುಂಬಿದ ಲಾರಿಗಳು ಒಳಗೆ ಹೋಗಿ ಕಾಗದದ ಸುರುಳಿಗಳಾಗಿ ಹೊರಬರುತ್ತಿದ್ದ ಪೇಪರ್ ಟೌನಿನಲ್ಲೇ, ಹುಡುಗರು ನುಣುಪು ಹಾಳೆಯ ಒಂದು ಪೋಸ್ಟರಿಗೆ ಪಾಳಿ ಹಚ್ಚುತ್ತಿದ್ದರು. ಆ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು.

ಪತ್ರಿಕೆಗಳ ಕಾಲ ಅದಕ್ಕೂ ಮೊದಲೇ ಇಳಿದಿತ್ತು. ಕೇಬಲ್ ಟಿವಿ ಒಂದೇ ಹೊಡೆತವನ್ನು ಹತ್ತು ಸಲ ತೋರಿಸತೊಡಗಿದ ಮೇಲೆ ವಾರವಿಡೀ ಕಾಯುವ ಅಗತ್ಯ ಉಳಿಯಲಿಲ್ಲ. ‘ಸ್ಪೋರ್ಟ್‌ಸ್ಟಾರ್’ ಪಾಕ್ಷಿಕವಾಯಿತು. ಅಮೆರಿಕದ ‘ಟ್ರಾನ್ಸ್‌ವರ್ಲ್ಡ್ ಸ್ಕೇಟ್‌ಬೋರ್ಡಿಂಗ್’ 2019ರಲ್ಲಿ ಮುದ್ರಣ ನಿಲ್ಲಿಸಿತು. ‘ಥ್ರಾಶರ್’ ಮಾತ್ರ ಇನ್ನೂ ಕಾಗದದ ಮೇಲೆ ಬರುತ್ತಿದೆ, ಹಟಕ್ಕೆ ಬಿದ್ದಂತೆ.

ಪತ್ರಿಕೆ ಇಳಿದರೂ ಈ ಸೀಮೆಯಲ್ಲಿ ಆಟ ನಿಂತಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ, ಮುಂಬೈ ಎದುರಿನ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ, ಕರ್ನಾಟಕದ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಹೊಡೆದ, 638 ಎಸೆತ. ಹತ್ತೊಂಬತ್ತರೊಳಗಿನವರ ಪಂದ್ಯ ಅದು. ಸುದ್ದಿ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು. ಆ ಹುಡುಗನ ನಿಲುವನ್ನು ಗೋಡೆಗೆ ಅಂಟಿಸಿಕೊಂಡು ಅಭ್ಯಾಸ ಮಾಡುವವರು ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ವಿಡಿಯೋ ನಿಧಾನ ಮಾಡಿ ನೋಡುತ್ತೇವಲ್ಲ ಎನ್ನುತ್ತಾರೆ ಈಗಿನವರು. ಅದೂ ಸರಿಯೇ.

ಕೇಳುಗರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸಂಚಿಕೆಗಳ ಕಟ್ಟು ಇದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಪೂರ್ತಿ ಇರುವುದೇನೋ ಅಪರೂಪ. ನಡುಪುಟ ಹೋಗಿರುತ್ತದೆ.