ಪರಧರ್ಮದ ದಾನಕ್ಕೆ ಸಾಕ್ಷಿ

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನೂ ಶಂಖಬಸದಿಯನ್ನೂ ನೀವು ನೋಡಿರಬಹುದು. ದಾನ ಕೊಡುವುದಕ್ಕಿಂತ ಅದನ್ನು ಉಳಿಸುವುದು ಕಷ್ಟ. ಅದಕ್ಕೆಂದೇ ನಮ್ಮ ಶಾಸನಗಳ ಕೊನೆಗೆ ದಾನ ಕೆಡಿಸಿದವನಿಗೆ ಶಾಪವಿರುತ್ತದೆ.

ಕೇರಳದ ಕೊಲ್ಲಂನ ತಾಮ್ರಶಾಸನದಲ್ಲಿ ಬೇರೊಂದು ಕಾವಲುಂಟು. ಕ್ರಿ. ಶ. 849ರಲ್ಲಿ ವೇಣಾಡಿನ ಒಡೆಯ ಅಯ್ಯನಡಿಗಳು, ಮಾರ್ ಸಾಪಿರ್ ಈಶೋ ಕಟ್ಟಿಸಿದ ಇಗರ್ಜಿಗೆ ಭೂಮಿಯನ್ನೂ ತೂಕದ ಹಕ್ಕನ್ನೂ ಬಿಟ್ಟನು. ಅದನ್ನು ಕಾಯುವ ಭಾರ ವರ್ತಕ ಸಂಘಗಳದು. ಸಾಕ್ಷಿಗಳ ಸಹಿ ನೋಡಿರಿ: ಕೆಲವು ಅರಬ್ಬಿಯಲ್ಲಿ, ಕೆಲವು ಪಹ್ಲವಿಯಲ್ಲಿ, ಇನ್ನು ಕೆಲವು ಪಾರಸಿ ಮಾತು, ಹೀಬ್ರೂ ಅಕ್ಷರ. ಇವರು ಯೆಹೂದ್ಯರು! ತಾವು ಪ್ರಾರ್ಥಿಸದ ಇಗರ್ಜಿಯ ಆಸ್ತಿಗಾಗಿ ತಮ್ಮ ಹೆಸರನ್ನು ಒತ್ತೆಯಿಟ್ಟರು. ವರ್ತಕನಿಗೆ ಹೆಸರೇ ಬಂಡವಾಳವೆಂದು ಗದಗ ಪೇಟೆಯವರಿಗೆ ನಾನು ಹೇಳಬೇಕೆ? ಶಾಪಕ್ಕಿಂತ ಈ ಸಹಿಯೇ ನನಗೆ ಹೆಚ್ಚು ಬಲವುಳ್ಳದ್ದಾಗಿ ತೋರುತ್ತದೆ.

ಆ ತಗಡುಗಳು ಇಂದಿಗೂ ಕೇರಳದ ಸಿರಿಯನ್ ಕ್ರೈಸ್ತರ ಬಳಿ ಇವೆ.