ಯಂತ್ರಶಾಸ್ತ್ರದ ಉಚ್ಚ ವ್ಯಾಸಂಗವೂ ಕೊಡಗಿನ ತರುಣರೂ

(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮನೆಯ ಮಗನಾಗಲಿ ಮಗಳಾಗಲಿ ನಾಲ್ಕು ವರ್ಷ ಓದಿ ಯಂತ್ರಶಾಸ್ತ್ರದಲ್ಲಿ ಬಿ.ಇ. ಪದವಿಯನ್ನು ಪಡೆದು ಊರಿಗೆ ಬಂದೊಡನೆ ಕೊಡಗಿನ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆಯು ಹುಟ್ಟುವುದು. ಇನ್ನೆರಡು ವರ್ಷ ಓದಿ ಎಂ.ಟೆಕ್. ಮಾಡುವುದು ಲೇಸೋ, ದೊರೆತ ಕೆಲಸಕ್ಕೆ ಸೇರುವುದು ಲೇಸೋ, ಅಥವಾ ತಂದೆಯ ಬೆನ್ನಿಗೆ ನಿಂತು ಕಾಫಿಯ ತೋಟವನ್ನು ನೋಡಿಕೊಳ್ಳುವುದು ಲೇಸೋ? ತಂದೆಗೆ ಬ್ಯಾಂಕಿನ ಸಾಲದ ಚಿಂತೆ, ತಾಯಿಗೆ ಮಕ್ಕಳ ಮದುವೆಯ ಚಿಂತೆ, ಓದಿದವರಿಗೆ ಒಡನಾಡಿಗಳಿಗಿಂತ ಹಿಂದೆ ಬೀಳುವ ಚಿಂತೆ. ಈ ಮೂರು ಚಿಂತೆಗಳೂ ನ್ಯಾಯವಾದವುಗಳೇ. ಆದರೆ ಚಿಂತೆಯು ವಿಚಾರವಲ್ಲ. ವಿಚಾರಿಸದೆ ಓದನ್ನು ಬಿಡುವುದೂ ತಪ್ಪು, ವಿಚಾರಿಸದೆ ಓದಿಗೆ ಹೋಗುವುದೂ ತಪ್ಪು. ಆದಕಾರಣ ಈ ಉಚ್ಚ ವ್ಯಾಸಂಗವು ಎಂಥದು, ಅದು ಯಾರಿಗೆ ತಕ್ಕದ್ದು, ಅದರಿಂದ ನಾಡಿಗೇನು ಫಲ ಎಂಬ ಮೂರು ಸಂಗತಿಗಳನ್ನು ಈ ಸಭೆಯ ಮುಂದಿಡುವುದು ಯುಕ್ತವಾಗಿದೆ.

ಮೊದಲು ಹಿಂದಿನ ಕಥೆಯನ್ನು ಸ್ವಲ್ಪ ನೆನೆಯಬೇಕು. ಕೊಡಗು 1956ರಲ್ಲಿ ಮೈಸೂರು ರಾಜ್ಯದಲ್ಲಿ ಸೇರಿದಾಗ ಇಲ್ಲಿ ಇಂಜನಿಯರಿಂಗ್ ಕಾಲೇಜೆಂಬುದೇ ಇರಲಿಲ್ಲ. ಓದಬೇಕೆಂಬವರು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು; 1960ರಲ್ಲಿ ಸುರತ್ಕಲ್ಲಿನ ಕಾಲೇಜು ಹುಟ್ಟಿದ ಬಳಿಕ ಘಟ್ಟವನ್ನಿಳಿದು ಅಲ್ಲಿಗೂ ಹೋಗುತ್ತಿದ್ದರು. 2002ರಲ್ಲಿ ಕೊಡವ ಎಜುಕೇಷನ್ ಸೊಸೈಟಿಯವರು ಪೊನ್ನಂಪೇಟೆಯಲ್ಲಿ ಕಾಲೇಜನ್ನು ತೆರೆದರು. ತರುವಾಯ ಕುಶಾಲನಗರದಲ್ಲಿ ಸರ್ಕಾರಿ ಕಾಲೇಜೂ ಬಂದಿತು. ಹೀಗೆ ಮೊದಲ ಪದವಿಯ ಓದು ಮನೆಯ ಬಾಗಿಲಿಗೆ ಬಂದಂತಾಯಿತು. ಆದರೆ ಅದಕ್ಕೂ ಮೇಲಿನ ಓದನ್ನು ಬಯಸುವವರು ಇಂದಿಗೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಿ ಹೊರಡಲೇಬೇಕು.

ಕನ್ನಡ ನಾಡಿನಲ್ಲಿ ಇಂಜನಿಯರಿಂಗ್ ವಿದ್ಯೆಯು ಅರಸರಿಂದಲೂ ದಾನಿಗಳಿಂದಲೂ ಮಠಗಳಿಂದಲೂ ಬೆಳೆಯಿತು. ಜಮ್ಷೇಟ್‌ಜಿ ಟಾಟಾ ಅವರ ಸಂಕಲ್ಪದಂತೆ ಬೆಂಗಳೂರಿನಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಮಂದಿರವು ಸ್ಥಾಪಿತವಾಯಿತು. ಅದಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. ಅಲ್ಲಿ ಯಂತ್ರಶಾಸ್ತ್ರದ ವಿಭಾಗವು 1945ರಲ್ಲಿ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನ ಇಂಜನಿಯರಿಂಗ್ ಕಾಲೇಜು ಹುಟ್ಟಿತು. 1963ರಲ್ಲಿ ಶ್ರೀ ಸಿದ್ಧಗಂಗಾ ಮಠವು ತುಮಕೂರಿನಲ್ಲಿಯೂ, ಸುತ್ತೂರು ಮಠದ ವಿದ್ಯಾಪೀಠವು ಮೈಸೂರಿನಲ್ಲಿಯೂ ಇಂಜನಿಯರಿಂಗ್ ಕಾಲೇಜುಗಳನ್ನು ತೆರೆದವು. ಅನ್ನದ ಜೊತೆಗೆ ಅಕ್ಷರವನ್ನು ಬಡಿಸಿದ ಮಠಗಳು, ಅಕ್ಷರದ ಜೊತೆಗೆ ಯಂತ್ರವಿದ್ಯೆಯನ್ನೂ ಬಡಿಸಿದವು. ಅಂಬಿಗರೂ ಮೇದರೂ ಹಗ್ಗ ಹೊಸೆಯುವವರೂ ಕುಳಿತು ಮಾತನಾಡಿದ ಅನುಭವ ಮಂಟಪದ ಪರಂಪರೆಗೆ ಕೈಕೆಲಸವು ಕೀಳೆಂಬ ಭಾವನೆಯು ಹೊರತಾದುದು; ಆದುದರಿಂದ ಇದು ಆಶ್ಚರ್ಯವಲ್ಲ.

ಇನ್ನು ಈ ವ್ಯಾಸಂಗದ ಸ್ವರೂಪವನ್ನು ನೋಡಬೇಕು. ಇದು ಸಾಮಾನ್ಯವಾಗಿ ಎರಡು ವರ್ಷಗಳ, ಅಂದರೆ ನಾಲ್ಕು ಸೆಮಿಸ್ಟರುಗಳ ಓದು. ಯಂತ್ರಗಳ ವಿನ್ಯಾಸ, ಶಾಖಶಕ್ತಿ, ತಯಾರಿಕೆ ಮೊದಲಾದ ಶಾಖೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲ ವರ್ಷವು ಹೆಚ್ಚಾಗಿ ಪಾಠಗಳಲ್ಲಿಯೂ, ಎರಡನೆಯ ವರ್ಷವು ಒಂದು ಸ್ವತಂತ್ರ ಸಂಶೋಧನೆಯಲ್ಲಿಯೂ ಕಳೆಯುವುದು. ಬಿ.ಇ. ಓದಿನಲ್ಲಿ ಸೂತ್ರವನ್ನು ಕಲಿತು ಲೆಕ್ಕವನ್ನು ಬಿಡಿಸುವುದು ಮುಖ್ಯ. ಇಲ್ಲಿ ಆ ಸೂತ್ರವು ಎಲ್ಲಿಂದ ಬಂದಿತು, ಎಲ್ಲಿಯವರೆಗೆ ನಿಜ, ಎಲ್ಲಿ ಮುರಿದು ಬೀಳುವುದು ಎಂದು ಕೇಳುವುದು ಮುಖ್ಯ. ಅಲ್ಲಿ ಪ್ರಶ್ನೆಯನ್ನು ಅಧ್ಯಾಪಕರು ಕೊಡುವರು. ಇಲ್ಲಿ ಪ್ರಶ್ನೆಯನ್ನು ವಿದ್ಯಾರ್ಥಿಯೇ ಹುಡುಕಬೇಕು. ಈ ಹುಡುಕಾಟವೇ ಉಚ್ಚ ವ್ಯಾಸಂಗದ ಸಾರವು.

ಇದನ್ನು ತೋಟದ ಒಂದು ದೃಷ್ಟಾಂತದಿಂದ ತಿಳಿಸಬಹುದು. ಕೊಯ್ದ ಕಾಫಿಯ ಹಣ್ಣನ್ನು ಕಣದಲ್ಲಿ ಹರವಿ ಒಣಗಿಸುವುದು ಕೊಡಗಿನ ಮಕ್ಕಳೆಲ್ಲರೂ ಕಂಡ ಕೆಲಸ. ಹಣ್ಣಿನಲ್ಲಿ ಶೇಕಡಾ 60ರಷ್ಟು ನೀರಿದೆ ಎಂದು ಇಟ್ಟುಕೊಳ್ಳಿರಿ. ಅದನ್ನು ಶೇಕಡಾ 11ಕ್ಕೆ ಇಳಿಸಬೇಕು. 100 ಕಿಲೋ ಹಣ್ಣಿನಲ್ಲಿ ಒಣ ಅಂಶವು 40 ಕಿಲೋ. ಒಣಗಿದ ಮೇಲಿನ ತೂಕ ಸುಮಾರು 45 ಕಿಲೋ. ಹೋಗಬೇಕಾದ ನೀರು ಸುಮಾರು 55 ಕಿಲೋ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2,400 ಕಿಲೋಜೂಲ್ ಶಾಖ ಬೇಕಾಗುವುದರಿಂದ ಒಟ್ಟು 1,32,000 ಕಿಲೋಜೂಲ್ ಶಾಖವು ಬೇಕು. ಒಣಸೌದೆಯ ಒಂದು ಕಿಲೋದಲ್ಲಿ ಸುಮಾರು 16,000 ಕಿಲೋಜೂಲ್ ಉಂಟು. ಹಾಗಾದರೆ ಎಂಟು ಕಿಲೋಗಿಂತ ಸ್ವಲ್ಪ ಹೆಚ್ಚು ಸೌದೆ ಸಾಕೆಂದು ಲೆಕ್ಕವು ಹೇಳುವುದು. ಇಷ್ಟನ್ನು ಬಿ.ಇ. ಓದಿದವರೆಲ್ಲರೂ ಮಾಡಬಲ್ಲರು.

ಆದರೆ ನಿಜವಾದ ಒಲೆಗೂಡಿನಲ್ಲಿ ಶಾಖದ ನಾಲ್ಕರಲ್ಲೊಂದು ಪಾಲು ಮಾತ್ರ ಹಣ್ಣಿಗೆ ಮುಟ್ಟಿದರೆ ಸೌದೆಯು 33 ಕಿಲೋ ಬೇಕಾಗುವುದು. ಮಿಕ್ಕ ಮೂರು ಪಾಲು ಎಲ್ಲಿ ಹೋಯಿತು? ಹೊಗೆಯೊಡನೆಯೋ, ಗೋಡೆಯ ಮೂಲಕವೋ, ತೇವ ತುಂಬಿದ ಗಾಳಿಯು ಹೊರಗೆ ಹೋಗದೆ ನಿಂತುದರಿಂದಲೋ? ಹಣ್ಣಿನ ಹೊರಗಣ ತೇವವು ಬೇಗ ಹೋಗುವುದು, ಒಳಗಣ ತೇವವು ನಿಧಾನವಾಗಿ ಹೊರಗೆ ಬರುವುದು. ಆತುರದಿಂದ ಬೆಂಕಿಯನ್ನು ಹೆಚ್ಚಿಸಿದರೆ ಸೌದೆ ಹಾಳು, ಬೀಜದ ಗುಣವೂ ಹಾಳು. ಹಾಗಾದರೆ ಗಾಳಿಯ ವೇಗವೆಷ್ಟಿರಬೇಕು, ಉಷ್ಣತೆ ಎಷ್ಟಿರಬೇಕು, ಯಾವ ಗಳಿಗೆಯಲ್ಲಿ ತಗ್ಗಿಸಬೇಕು? ಈ ಪ್ರಶ್ನೆಗಳಿಗೆ ಅಳತೆಯಿಂದಲೂ ಗಣಿತದಿಂದಲೂ ಉತ್ತರವನ್ನು ಕಾಣುವುದೇ ಎಂ.ಟೆಕ್. ವಿದ್ಯಾರ್ಥಿಯ ಎರಡನೆಯ ವರ್ಷದ ಕೆಲಸ. ಕೊಯ್ಲಿನ ಕಾಲದಲ್ಲಿ ಅಕಾಲ ಮಳೆಯು ಬಂದು ಕಣದಲ್ಲಿಯ ಕಾಫಿಯು ನೆನೆದು ಹೋದ ಮನೆಯವರಿಗೆ ಈ ಲೆಕ್ಕವು ಬರಿಯ ಪುಸ್ತಕದ ಲೆಕ್ಕವಾಗಿ ಕಾಣದು.

ಇಂಥ ಸಮಸ್ಯೆಗಳು ಕೊಡಗಿನಲ್ಲಿ ಹೆಜ್ಜೆ ಹೆಜ್ಜೆಗೂ ಉಂಟು. ಹಣ್ಣಿನ ಸಿಪ್ಪೆಯನ್ನು ಸುಲಿಯುವ ಪಲ್ಪರ್ ಯಂತ್ರಕ್ಕೂ ಬೀಜವನ್ನು ತೊಳೆಯುವುದಕ್ಕೂ ಬಹಳ ನೀರು ಬೇಕು. ಆ ಕೊಳೆನೀರು ಶುದ್ಧಿಯಾಗದೆ ಹೊಳೆಗೆ ಸೇರಿದರೆ ಕಾವೇರಿಯ ಕೆಳಗಿನ ಊರುಗಳೆಲ್ಲಕ್ಕೂ ಕೇಡು. ಕಡಮೆ ನೀರಿನಲ್ಲಿ ಕೆಲಸ ಮಾಡುವ ಯಂತ್ರವನ್ನು ಸಣ್ಣ ತೋಟದವನ ಕೈಗೆಟಕುವ ಬೆಲೆಯಲ್ಲಿ ರೂಪಿಸುವುದು ವಿದ್ವಾಂಸನಿಗೆ ತಕ್ಕ ಕೆಲಸವೇ ಸರಿ. ಇದಕ್ಕಿಂತಲೂ ಮನಕರಗಿಸುವ ಸಂಗತಿಯೊಂದುಂಟು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸನ್ನು ಕೊಯ್ಯುವ ಕೂಲಿಗಳು ಅಲ್ಯೂಮಿನಿಯಂ ಏಣಿಗಳನ್ನು ಸಾಗಿಸುವಾಗ ಅವು ವಿದ್ಯುತ್ ತಂತಿಗೆ ತಗಲಿ ಪ್ರಾಣವನ್ನು ಕಳೆದುಕೊಂಡುದು ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದಿದೆ. ವಿದ್ಯುತ್ತು ಹರಿಯದ, ಎತ್ತಲು ಹಗುರವಾದ, ಎತ್ತರದಲ್ಲಿ ಬಾಗದ, ಮಳೆಗೂ ಬಿಸಿಲಿಗೂ ಕೆಡದ, ಬೆಲೆಯೂ ಮಿತವಾದ ಏಣಿಯೆಂದರೆ ಐದು ಗುಣಗಳು ಒಂದಕ್ಕೊಂದು ಎದುರು ನಿಂತಿರುವ ವಿನ್ಯಾಸದ ಪ್ರಶ್ನೆ. ಗಾಜಿನ ನಾರಿನಿಂದ ಮಾಡಿದ ಏಣಿಯು ವಿದ್ಯುತ್ತನ್ನು ತಡೆಯುವುದು. ಆದರೆ ತೂಕ ಮತ್ತು ಬೆಲೆಗಳ ಮಾತು ಉಳಿಯುವುದು. ಆ ಮಾತನ್ನು ಬಗೆಹರಿಸುವವನು ಒಂದು ಪದವಿಯನ್ನಷ್ಟೇ ಅಲ್ಲ, ಒಂದು ಮನೆಯ ದೀಪವನ್ನೂ ಉಳಿಸಿದವನಾಗುವನು.

ಉಚ್ಚ ವಿದ್ಯೆಯು ಹಳ್ಳಿಯ ಕಡೆಗೆ ತಿರುಗಬಲ್ಲುದೇ ಎಂದು ಸಂಶಯಪಡುವವರಿಗೆ ಒಂದು ನಿದರ್ಶನವುಂಟು. 1974ರಲ್ಲಿ ವಿಜ್ಞಾನ ಮಂದಿರದ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ವಿಜ್ಞಾನ ಕೇಂದ್ರವು ಹುಟ್ಟಿತು. ಸೌದೆಯನ್ನು ಉಳಿಸಿ ಹೊಗೆಯನ್ನು ಹೊರಗೆ ಕಳುಹಿಸುವ ‘ಅಸ್ತ್ರ ಒಲೆ’ಯು ಅಲ್ಲಿಂದ ಬಂದು ಕನ್ನಡ ನಾಡಿನ ಅನೇಕ ಅಡಿಗೆಮನೆಗಳನ್ನು ಸೇರಿತು. ಶಾಖಶಾಸ್ತ್ರದ ದೊಡ್ಡ ಓದು ತಾಯಂದಿರ ಕಣ್ಣೀರನ್ನು ಒರಸಿದುದು ಸಣ್ಣ ಮಾತಲ್ಲ. ಇನ್ನೊಂದು ನಿದರ್ಶನವು ಸತೀಶ ಧವನರದು. ಅವರು ಲಾಹೋರಿನಲ್ಲಿ ಯಂತ್ರಶಾಸ್ತ್ರದ ಮೊದಲ ಪದವಿಯನ್ನು ಪಡೆದು, ಅಮೆರಿಕಾದಲ್ಲಿ ಮುಂದಿನ ಓದನ್ನು ಮುಗಿಸಿ, 1951ರಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಮಂದಿರದಲ್ಲಿ ಪಾಠ ಹೇಳಿದರು. ಮುಂದೆ ಅದರ ನಿರ್ದೇಶಕರಾದರು. 1972ರಿಂದ 1984ರವರೆಗೆ ದೇಶದ ಬಾಹ್ಯಾಕಾಶ ಸಂಸ್ಥೆಯನ್ನು ನಡೆಸಿದರು. ಹೊರಗೆ ಹೋಗಿ ಓದುವುದು ದೋಷವಲ್ಲ. ಓದಿದುದು ಎಲ್ಲಿಗೆ ಹರಿಯಿತೆಂಬುದೇ ವಿಚಾರ.

ಹೀಗೆಂದು ಎಲ್ಲರೂ ಈ ದಾರಿಯನ್ನು ಹಿಡಿಯಬೇಕೆಂದು ಅರ್ಥವಲ್ಲ. ಕೆಲಸ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಎರಡು ವರ್ಷ ಮರೆಯಾಗಿರಲು ಓದುವವನಿಗೆ, ಎರಡು ವರ್ಷ ಕಳೆದ ಮೇಲೆ ಅದೇ ಬಾಗಿಲು ಅದೇ ಬೀಗದೊಡನೆ ಎದುರಾಗುವುದು. ಹೆಸರಿನ ಮುಂದೆ ಎರಡಕ್ಷರ ಹೆಚ್ಚಾಗಲೆಂದು ಓದುವವನು ಹಣವನ್ನೂ ವಯಸ್ಸನ್ನೂ ಕಳೆದುಕೊಳ್ಳುವನು. ಗಣಿತವೆಂದರೆ ಬೇಸರ, ಪ್ರಯೋಗಶಾಲೆಯೆಂದರೆ ಅಲಸಿಕೆ ಎಂಬವನು ಮೊದಲು ಕಾರ್ಖಾನೆಯಲ್ಲಿ ಒಂದೆರಡು ವರ್ಷ ಕೈ ಪಳಗಿಸುವುದು ಹಿತ. ಅಲ್ಲಿ ಪ್ರಶ್ನೆಗಳು ಹುಟ್ಟಿದ ಮೇಲೆ ಓದಿಗೆ ಮರಳಬಹುದು. ಯಾವನಿಗೆ ಒಂದು ಯಂತ್ರವು ಕೆಟ್ಟಾಗ ಅದನ್ನು ಸರಿಮಾಡಿದರೂ ಕೆಟ್ಟುದೇಕೆಂದು ತಿಳಿಯುವ ತನಕ ನಿದ್ದೆ ಬಾರದೋ ಅವನಿಗೆ ಈ ವ್ಯಾಸಂಗವು ತಕ್ಕದ್ದು. ಅಂಥ ಹೆಣ್ಣುಮಕ್ಕಳೂ ಉಂಟು. ಯಂತ್ರಶಾಸ್ತ್ರವು ಗಂಡಸರ ವಿದ್ಯೆಯೆಂದು ಅವರನ್ನು ತಡೆಯುವುದು ಅಕ್ಕಮಹಾದೇವಿಯನ್ನು ನೆನೆಯುವ ಮನೆಗಳಿಗೆ ಒಪ್ಪದು.

ಖರ್ಚಿನ ಮಾತಿಗೂ ದಾರಿಯುಂಟು. ದೇಶಮಟ್ಟದ ಗೇಟ್ ಪರೀಕ್ಷೆಯು ಮೂರು ಗಂಟೆಯ, 100 ಅಂಕಗಳ ಪರೀಕ್ಷೆ. ಅದರ ಫಲವು ಮೂರು ವರ್ಷ ಊರ್ಜಿತವಾಗಿರುವುದು. ಅದರಲ್ಲಿ ತೇರ್ಗಡೆಯಾಗಿ ಮಾನ್ಯತೆಯುಳ್ಳ ಸಂಸ್ಥೆಗಳಲ್ಲಿ ಪೂರ್ಣಕಾಲ ಓದುವವರಿಗೆ ಮಾಸಿಕ ವಿದ್ಯಾರ್ಥಿವೇತನದ ಏರ್ಪಾಡುಂಟು. ಸರ್ಕಾರದ ಕೆಲವು ದೊಡ್ಡ ಉದ್ಯಮಗಳು ಕೆಲಸಕ್ಕೆ ಆರಿಸುವಾಗಲೂ ಇದೇ ಪರೀಕ್ಷೆಯ ಫಲವನ್ನು ನೋಡುವುದುಂಟು. ರಾಜ್ಯದ ಕಾಲೇಜುಗಳಿಗೆ ಪಿ.ಜಿ.ಸಿ.ಇ.ಟಿ. ಎಂಬ ಬೇರೆ ಪರೀಕ್ಷೆಯೂ ಉಂಟು. ಆದುದರಿಂದ ಬಿ.ಇ. ಮೂರನೆಯ ವರ್ಷದಲ್ಲಿಯೇ ಸಿದ್ಧತೆಯನ್ನು ಆರಂಭಿಸಿದವನು ತಂದೆಯ ತೋಟವನ್ನು ಅಡವಿಡದೆಯೂ ಓದಬಲ್ಲನು. ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡದೆ, ಪ್ರಯೋಗಶಾಲೆಯಲ್ಲಿ ಯಂತ್ರಗಳು ನಡೆಯುತ್ತಿವೆಯೋ ಧೂಳು ಹಿಡಿದಿವೆಯೋ ಎಂಬುದನ್ನೂ, ಮಾರ್ಗದರ್ಶಕರಾಗುವವರು ಯಾವ ಸಂಶೋಧನೆಯಲ್ಲಿ ತೊಡಗಿರುವರೆಂಬುದನ್ನೂ ವಿಚಾರಿಸತಕ್ಕದ್ದು.

ತಂದೆತಾಯಿಗಳಲ್ಲಿ ವಿಜ್ಞಾಪನೆಯೊಂದೇ. ನೆರೆಮನೆಯವನ ಸಂಬಳವನ್ನು ಮಕ್ಕಳ ಓದಿಗೆ ಅಳತೆಗೋಲಾಗಿ ಹಿಡಿಯದಿರಿ. ಮಗನನ್ನು ಕೂರಿಸಿಕೊಂಡು, ‘ಏನನ್ನು ತಿಳಿಯಬೇಕೆಂದು ಹೋಗುವೆಯಪ್ಪಾ?’ ಎಂದು ಕೇಳಿರಿ. ಅವನಲ್ಲಿ ಉತ್ತರವಿದ್ದರೆ ಕಳುಹಿಸಿರಿ; ಇಲ್ಲದಿದ್ದರೆ ಉತ್ತರವು ಹುಟ್ಟುವ ತನಕ ತಾಳ್ಮೆಯಿಂದಿರಿ. ವಿದ್ಯಾರ್ಥಿಗಳಲ್ಲಿ ವಿಜ್ಞಾಪನೆಯೂ ಒಂದೇ. ಸಂಶೋಧನೆಗೆ ವಿಷಯವನ್ನು ಆರಿಸುವ ದಿನ ಪರದೇಶದ ಪತ್ರಿಕೆಗಳನ್ನು ಅವಶ್ಯವಾಗಿ ಓದಿರಿ. ಓದಿದ ಮೇಲೆ ಒಮ್ಮೆ ಕಣದ ಕಡೆಗೂ, ಹೊಳೆಯ ಕಡೆಗೂ, ಏಣಿಯನ್ನು ಹೊತ್ತು ಹೋಗುವ ಕೂಲಿಯವನ ಕಡೆಗೂ ನೋಡಿರಿ. ಆರಿಸಿದ ವಿಷಯದ ಫಲವನ್ನು ಊರಿಗೆ ತಂದು ನಾಲ್ಕು ಜನರಿಗೆ ಕನ್ನಡದಲ್ಲಿ ವಿವರಿಸಿರಿ. ದುಡಿದುದನ್ನು ಹಂಚಿ ಉಣ್ಣುವುದು ದಾಸೋಹವಾದರೆ, ಕಲಿತುದನ್ನು ಹಂಚುವುದೂ ದಾಸೋಹವೇ.

ಶ್ರೀಮಠದ ಶಿಷ್ಯವರ್ಗದಲ್ಲಿ ಈಗಾಗಲೇ ಈ ಓದನ್ನು ಮುಗಿಸಿದವರು ವರ್ಷಕ್ಕೆ ಒಂದು ದಿನವಾದರೂ ಇಲ್ಲಿಗೆ ಬಂದು ಕಿರಿಯರಿಗೆ ಪರೀಕ್ಷೆಯ, ಕಾಲೇಜಿನ, ವಿಷಯದ ಆಯ್ಕೆಯ ದಾರಿಯನ್ನು ತೋರಿಸುವುದಾದರೆ, ಈ ಮಹೋತ್ಸವದ ನೆನಪಿಗೆ ಅದಕ್ಕಿಂತ ಗಟ್ಟಿಯಾದ ಕಟ್ಟಡವು ಬೇರೆ ಬೇಕಾಗದು. ಪೂಜ್ಯರ ಆಶೀರ್ವಾದದಿಂದ ಅದು ಕೈಗೂಡಲಿ.