ಇಪ್ಪತ್ತೈದನೇ ತಿಂಗಳು

ಮೊನ್ನೆ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿಗೆ ಹೋಗಿದ್ದೆ. ಹೊಗೆಸೊಪ್ಪಿನ ಬೆಲೆ ಬಗ್ಗೆ ರೈತರನ್ನ ಮಾತಾಡಿಸೋಣ ಅಂತ ಹೋದವನು ನಾನು. ಬ್ಯಾರನ್ ಮುಂದೆ ಒಬ್ಬ ಹುಡುಗ ಸೌದೆ ಒಟ್ಟುತ್ತಿದ್ದ. ‘ಏನ್ ಓದಿದ್ದೀಯಪ್ಪಾ?’ ಅಂದೆ. ‘ಬಿ.ಎ. ಸಾರ್.’ ‘ಕೆಲಸ?’ ಬೆಂಕಿ ಕಡೆ ನೋಡ್ಕೊಂಡೇ ಹೇಳಿದ: ‘ಯುವನಿಧಿ ಬರ್ತಾ ಇದೆ ಸಾರ್. ಇನ್ನೆರಡು ಕಂತು ಅಷ್ಟೇ.’

ವೀಕ್ಷಕರೇ, ಕೆಲಸದ ಬಗ್ಗೆ ಕೇಳಿದರೆ ಆತ ಕಂತಿನ ಲೆಕ್ಕ ಹೇಳಿದ. ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಯುವನಿಧಿಗೆ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಅದೂ ಹೆಚ್ಚೆಂದರೆ ಎರಡು ವರ್ಷ. ಪದವೀಧರನಿಗೆ ಒಟ್ಟು 72,000. ಈ ದುಡ್ಡನ್ನ ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರಿಗೆ ಒಂದು ಮಾತು: ರಾವಂದೂರಿಂದ ಮೈಸೂರಿಗೆ ಇಂಟರ್‌ವ್ಯೂಗೆ ಹೋಗಿಬರುವ ಹುಡುಗನಿಗೆ ಬಸ್ ಚಾರ್ಜು, ಊಟ, ಪರೀಕ್ಷೆ ಶುಲ್ಕ ಎಲ್ಲಾ ಅದರಲ್ಲೇ ಆಗಬೇಕು. ಅಪ್ಪನ ಮುಂದೆ ಕೈ ಚಾಚುವುದಂತೂ ತಪ್ಪಿತು.

ನನ್ನ ತಕರಾರು ಬೇರೆ. ಕಂತು ಬರುವಷ್ಟು ದಿನ ಸರ್ಕಾರ ಸೇವಾಸಿಂಧುವಿನಲ್ಲಿ ಸ್ವಯಂ ಘೋಷಣೆ ಕೇಳುತ್ತದೆ. ‘ಇನ್ನೂ ನಿರುದ್ಯೋಗಿನಾ?’ ಅಂತ. ಘೋಷಣೆ ಕೊಡದಿದ್ದರೆ ದುಡ್ಡು ನಿಂತಿತು. ಸರಿ, ಕೇಳಲಿ. ಆದರೆ ಇಪ್ಪತ್ತೈದನೇ ತಿಂಗಳು ಕೇಳೋರು ಯಾರು? ಅಷ್ಟು ಜನರ ಓದು, ಊರು, ಫೋನ್ ನಂಬರ್ ಎಲ್ಲಾ ಸರ್ಕಾರದ ಕೈಯಲ್ಲೇ ಇದೆ. ಕೊನೇ ಕಂತಿನ ಜತೆಗೆ ಒಂದು ಫೋನ್ ಕರೆ ಹೋಗಬೇಡವೇ? ‘ಮುಂದೇನಪ್ಪಾ ಮಾಡ್ತೀಯಾ? ಇಂಥಾ ಕಡೆ ಹೋಗು’ ಅಂತ ಹೇಳುವ ಒಂದು ದನಿ?

ಆ ಕರೆ ಬರುವ ತನಕ ನಾನೇ ಹೇಳ್ತೀನಿ, ಬರ್ಕೊಳ್ಳಿ.

ಮೊದಲನೆಯದು, ನಿಮ್ಮ ಗ್ರಾಮ ಪಂಚಾಯ್ತಿ. ಉದ್ಯೋಗ ಖಾತರಿಯಲ್ಲಿ 2025-26ರಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ, ದಿನಕ್ಕೆ 370 ರೂಪಾಯಿ ಕೂಲಿ ಇತ್ತು. ಅರ್ಜಿ ಬರೆದೇ ಕೊಡಿ, ತಾರೀಖು ಹಾಕಿದ ರಸೀದಿ ಕೇಳಿ ಪಡೆಯಿರಿ. ಯಾಕೆ ಗೊತ್ತಾ? ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತೆ. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ರಸೀದಿ ಇಲ್ಲದಿದ್ದರೆ ಇದನ್ನ ಕೇಳೋಕೇ ಆಗಲ್ಲ. ಓದಿದವರು ಗುದ್ದಲಿಯನ್ನೇ ಹಿಡಿಯಬೇಕಂತಲೂ ಇಲ್ಲ. ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಆಗಬಹುದು.

ಎರಡನೆಯದು, ಫ್ಯಾಕ್ಟರಿಯಲ್ಲಿ ದುಡಿದು ಕೆಲಸ ಕಳೆದುಕೊಂಡು ಊರಿಗೆ ಬಂದವರಿಗೆ. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಅನ್ನೋ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧದಷ್ಟು, ಗರಿಷ್ಠ 90 ದಿನ ಸಿಗುತ್ತೆ. ಜೀವಮಾನದಲ್ಲಿ ಒಂದೇ ಸಲ. ಕಂತು ಎಷ್ಟು ದಿನ ಕಟ್ಟಿರಬೇಕು ಅನ್ನೋ ಷರತ್ತು ಇದೆ, ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ.

ಮೂರನೆಯದು, ಸ್ವಂತ ಕಾಲ ಮೇಲೆ ನಿಲ್ತೀನಿ ಅನ್ನೋರಿಗೆ ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ, ಮೈಸೂರಿನಲ್ಲೂ ಇದೆ. ಊಟ, ವಸತಿ, ತರಬೇತಿ ಎಲ್ಲಾ ಉಚಿತ.

ಇವು ಮೂರೂ ಸೇರಿದರೂ ಒಂದು ಒಳ್ಳೇ ನೌಕರಿಗೆ ಸಮ ಅಲ್ಲ, ನನಗೆ ಗೊತ್ತು. ಆದರೆ ಇವ್ಯಾವುದೂ ಭಿಕ್ಷೆಯಲ್ಲ. ಕೇಳೋಕೆ ನಾಚಿಕೆ ಬೇಡ.

ಬರುವಾಗ ಆ ಹುಡುಗನಿಗೆ ಇದನ್ನೇ ಹೇಳಿದೆ. ಎಲ್ಲಾ ಕೇಳಿ, ಒಂದೇ ಪ್ರಶ್ನೆ ಹಾಕಿದ: ‘ಇದನ್ನ ಇಷ್ಟು ದಿನ ಯಾರೂ ಹೇಳ್ಲಿಲ್ವಲ್ಲ ಸಾರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ. ಎರಡು ವರ್ಷ ಕೈ ಹಿಡಿದಿದ್ದೀರಿ, ಸಂತೋಷ. ಬಿಡೋ ಮುಂಚೆ ದಾರಿಯನ್ನಾದರೂ ತೋರಿಸಿ.